ಆರ್ದ್ರಕ್ಷೌರ ಮೀಮಾಂಸೆ: ಒಂದು ಅಂತರ್‌ಶಿಸ್ತೀಯ ಅನುಸಂಧಾನ

ಮುಖ ಒದ್ದೆ ಮಾಡಿ, ನೊರೆ ಹಚ್ಚಿ, ಗಡ್ಡ ಹೆರೆದುಕೊಳ್ಳುವ ಕ್ರಿಯೆಯನ್ನು ವಿದ್ವಾಂಸರು 'ಸಾಂಪ್ರದಾಯಿಕ ಆರ್ದ್ರಕ್ಷೌರ' ಎಂದು ಪರಿಭಾಷಿಸಿದ್ದಾರೆ. (ವಿದ್ವಾಂಸರು ಅಂದರೆ ನನ್ನ ಷಡ್ಡಕ. ಕಳೆದ ದೀಪಾವಳಿಗೆ ನಾಲ್ಕು ಸಾವಿರದ ಮರದ ಪೆಟ್ಟಿಗೆಯೊಂದನ್ನು ಕೊಟ್ಟು, ಎಲೆ ಎತ್ತುವವರೆಗೂ ಉಪನ್ಯಾಸ ಬಿಗಿದ.)

ಕ್ಷೇತ್ರಕಾರ್ಯ ನಡೆದದ್ದು ಪುಲಿಕೇಶಿನಗರದ ನನ್ನ ಬಚ್ಚಲಲ್ಲಿ. 1898ರ ಪ್ಲೇಗಿನ ನಂತರ ದಂಡಿನ ಇಕ್ಕಟ್ಟು ತಗ್ಗಿಸಲು ಹುಟ್ಟಿದ, ಫ್ರೇಜರ್ ಸಾಹೇಬರ ಹೆಸರು ಹೊತ್ತ ಬಡಾವಣೆಗೆ ಆಮೇಲೆ ಚಾಲುಕ್ಯ ಚಕ್ರವರ್ತಿಯ ಹೆಸರು ಬಂತು. ಪುಲಿಕೇಶಿ ಎಂದರೆ ಹುಲಿಗೂದಲಿನವನು ಎಂದು ಅರ್ಥ ಹೇಳುವವರಿದ್ದಾರೆ. ಅಂಥ ಊರಿನಲ್ಲಿ ಕ್ಷೌರವೆಂಬುದೇ ಒಂದು ಪ್ರತಿರೋಧದ ಸಂಕಥನ. ಆಟೋದವರು ಇಂದಿಗೂ ಫ್ರೇಜರ್ ಟೌನ್ ಎನ್ನುವುದಕ್ಕೆ ಪ್ರತ್ಯೇಕ ಸಂಪುಟ ಬೇಕು.

ಪರಿಕರ ವಿಚಾರ. ಬ್ರಷ್ಷು ಬ್ಯಾಡ್ಜರ್ ಎಂಬ ಪ್ರಾಣಿಯ ಕೂದಲಿನದು. ಒಬ್ಬನ ಕೂದಲು ತೆಗೆಯಲು ಇನ್ನೊಬ್ಬನ ಕೂದಲು ಬೇಕೆಂಬ ಈ ದ್ವಂದ್ವವನ್ನು ಯಾವ ಆಚಾರ್ಯರೂ ಬಿಡಿಸಿಲ್ಲ. ಎರಡಂಚಿನ ಬ್ಲೇಡನ್ನು ಮೂವತ್ತು ಡಿಗ್ರಿ ಓರೆಯಲ್ಲಿ ಹಿಡಿಯತಕ್ಕದ್ದು, ಒತ್ತಕೂಡದು. ನಾನು ಒತ್ತಿದೆ.

ಫಲಿತ ವಿಚಾರ. ಹೆಸರಲ್ಲೇ ಕೇಶವಿದ್ದೂ ಕೇಶಿರಾಜ ಶಬ್ದಕ್ಕೆ ದರ್ಪಣ ಹಿಡಿದನೇ ಹೊರತು ಗಡ್ಡಕ್ಕೆ ಹಿಡಿಯಲಿಲ್ಲ. ಆ ಕೊರತೆಯನ್ನು ಇಲ್ಲಿ ತುಂಬಲಾಗಿದೆ. ಲೋಪಸಂಧಿ: ಇದ್ದ ಕೂದಲು ಹೋಗುವುದು. ಆಗಮಸಂಧಿ: ಇಲ್ಲದ ರಕ್ತ ನಡುವೆ ಬರುವುದು. ಆದೇಶಸಂಧಿ: ಮೀಸೆಯ ಎಡತುದಿಯ ಜಾಗಕ್ಕೆ ಬ್ಯಾಂಡೇಡು ಬರುವುದು. ಪ್ರಕೃತಿಭಾವ: ಗದ್ದದ ಕೆಳಗಿನ ನಾಲ್ಕು ಕೂದಲು ಏನು ಮಾಡಿದರೂ ಇದ್ದ ಹಾಗೇ ಇರುವುದು. ಸಂಸ್ಕೃತ ಸಂಧಿಗಳು ಬಾಕಿ ಇವೆ. ಇರಲಿ ಬಿಡಿ, ಕೆನ್ನೆ ಉರಿಯುತ್ತಿದೆ.

ನೊರೆಯದು ಬೇರೆಯೇ ಕತೆ. ಹತ್ತು ನಿಮಿಷ ತಿರುವಿದರೂ ಒಡೆದ ಹಾಲಿನಂತೆ ಬಟ್ಟಲಿನ ಅಂಚಿಗೆ ಬೂದು ಗಸಿ. ಫೋನು ಮಾಡಿದರೆ ಷಡ್ಡಕ, "ನಿನ್ನ ಮಣಿಕಟ್ಟಿನಲ್ಲಿ ಧ್ಯಾನಸ್ಥಿತಿ ಇಲ್ಲ. ಇದು ನಮ್ಮ ಪರಂಪರೆ ಕಣಯ್ಯಾ" ಅಂದ.

ಯಾವ ಪರಂಪರೆ? ಗಿಲೆಟ್ ಎಂಬಾತ ಅಮೆರಿಕದಲ್ಲಿ ಈ ರೇಜರಿಗೆ ಪೇಟೆಂಟು ಪಡೆದದ್ದು 1904ರಲ್ಲಿ. ನನ್ನ ಅಜ್ಜ ತನ್ನ ಗಡ್ಡ ತಾನೇ ತೆಗೆದುಕೊಂಡದ್ದೇ ಇಲ್ಲ. ಚರ್ಮದ ಪಟ್ಟಿಗೆ ಕತ್ತಿ ಮಸೆಯುತ್ತ ಒಬ್ಬರು ಹಿತ್ತಲಿಗೆ ಬರುತ್ತಿದ್ದರು, ಜಗುಲಿಗಲ್ಲ. ಅವರು ಹೋದ ಮೇಲೆ ಅಜ್ಜ ಸ್ನಾನ ಮಾಡುತ್ತಿದ್ದ, ಕೂದಲು ತೊಳೆಯಲಿಕ್ಕಲ್ಲ, ಅವರ ಕೈ ಮುಟ್ಟಿದ್ದನ್ನು ತೊಳೆಯಲಿಕ್ಕೆ. ಕೂಲಿ ಸುಗ್ಗಿಯಲ್ಲಿ ಅಳೆದು ಹಾಕುವ ಕಾಳು. ಹಡಪದ ಅಪ್ಪಣ್ಣ, ಲಿಂಗಮ್ಮ 12ನೇ ಶತಮಾನದಲ್ಲೇ ವಚನ ಬರೆದರು. ಆದರೂ ಕೆಲಸಕ್ಕೆ ಬಾರದ ಕೆಲಸವನ್ನು ಹಳಿಯಲು ನಮ್ಮ ಬಾಯಿಗೆ ಬರುವ ಬೈಗುಳ ಆ ಕಸುಬಿನದೇ, ಯಾವುದೆಂದು ಬರೆಯಬೇಕಾಗಿಲ್ಲ. ಈಗ ಅದೇ ಕಸುಬನ್ನು ಪೆಟ್ಟಿಗೆಯಲ್ಲಿಟ್ಟು, ಕಸುಬುದಾರನನ್ನು ಮಾತ್ರ ಹೊರಗಿಟ್ಟು ಮಾರುತ್ತಾರೆ. ಕೊಳ್ಳುವವನು ಸಲೂನಿನಲ್ಲಿ ಹತ್ತು ರೂಪಾಯಿಗೆ ಚೌಕಾಸಿ ಮಾಡುತ್ತಾನೆ. ನಾನೂ ಮಾಡಿದ್ದೇನೆ.

ಗಾಯವಾದದ್ದು ಮಂಗಳವಾರ, ಸಲೂನಿಗೆ ರಜೆ. ಬುಧವಾರ ಮಾಸ್ಕ್ ರೋಡಿಗೆ ಹೋದೆ. ಅವರು ಬ್ಲೇಡನ್ನು ಕಾಗದದ ಸಮೇತ ಬಗ್ಗಿಸಿ ಟಕ್ಕನೆ ಎರಡು ಮಾಡಿ, ಅರ್ಧವನ್ನು ಕತ್ತಿಗೆ ಸಿಕ್ಕಿಸಿ, ಹೆಬ್ಬೆರಳಲ್ಲಿ ನನ್ನ ಕೆನ್ನೆ ಹಿಗ್ಗಿಸಿದವರು ಹಾಗೇ ನಿಂತರು.

"ಯಾರು ಸಾರ್ ಮಾಡಿದ್ದು ಇದು?"

"ನಾನೇ."

ಏನೂ ಅನ್ನದೆ ಪಟಿಕದ ಗಟ್ಟಿಯನ್ನು ನೀರಿಗದ್ದಿ ಒತ್ತಿದರು. ಕಣ್ಣಲ್ಲಿ ನೀರು ಬಂತು.

"ನೊರೆ ನಿಲ್ಲಲಿಲ್ಲ ಅಲ್ವಾ?"

ಧ್ಯಾನಸ್ಥಿತಿಯ ವಿಷಯ ಹೇಳಲು ಬಾಯಿ ತೆರೆದೆ.

"ಬೋರ್ ನೀರು ಸಾರ್ ಅದು. ಕಾವೇರಿ ಬಂದ ದಿನ ಒಂದು ಚೊಂಬು ಹಿಡಿದಿಟ್ಕೊಳ್ಳಿ."