ಚಳಿಗಾಲದ ಅಧಿವೇಶನ

ಬೆಳಗಾವಿಗೆ ಎರಡು ಬಗೆಯ ವಲಸೆ ಹಕ್ಕಿಗಳು ಬರುತ್ತವೆ. ಬೆಂಗಳೂರಿನ ಬಿಳಿ ಗರಿಯವು ಸಾಮಾನ್ಯವಾಗಿ ಡಿಸೆಂಬರಿನಲ್ಲಿ ಸುವರ್ಣ ವಿಧಾನಸೌಧಕ್ಕೆ ಇಳಿಯುತ್ತವೆ. 2012ರಲ್ಲಿ ಉದ್ಘಾಟನೆಯಾದ ಆ ಗೂಡಿನಲ್ಲಿ ಹತ್ತಾರು ದಿನ ಕಲರವ, ಹೋಗುವಾಗ ಕೈಯಲ್ಲೊಂದು ಕುಂದಾ ಡಬ್ಬಿ.

ಇನ್ನೊಂದು, ಬೂದು ಸಿಪಿಲೆ. ಹಿಮಾಲಯದ ಕಡೆಯಿಂದ ಹೊರಟು, ಮಳೆ ಹಿಂದೆಗೆಯುವ ಹೊತ್ತಿಗೆ ಖಾನಾಪುರದ ಹಳ್ಳಗಳಲ್ಲಿ ಹಾಜರು. ಹೊಟ್ಟೆಯ ಹಳದಿ ನೋಡಿದರೆ ಬೂದು ಅಂದವರ ಮೇಲೆ ಸಿಟ್ಟು ಬರುತ್ತದೆ, ಇರಲಿ. ತೂಕ ಸುಮಾರು 20 ಗ್ರಾಂ. ಟಿಎ-ಡಿಎ ಕೇಳುವುದಿಲ್ಲ, ಭೀಮಗಡದ ಕಾಡಿನ ತೊರೆಯಲ್ಲಿ ಕಲ್ಲೊಂದು ಸಿಕ್ಕರೆ ಅದೇ ಪ್ರವಾಸಿ ಮಂದಿರ. ಬಾಲ ಮಾತ್ರ ಒಂದು ಗಳಿಗೆ ಸುಮ್ಮನಿರದು. ತಾಳ ಹಾಕುತ್ತಲೇ ಹುಳ ಹಿಡಿಯುತ್ತದೆ. ಬೇಸಿಗೆ ಬರುವತನಕ ಸಭಾತ್ಯಾಗದ ಮಾತೇ ಇಲ್ಲ.

ದುರ್ಬೀನು ಹಿಡಿದು ಮಲಪ್ರಭೆಯ ದಂಡೆಯಲ್ಲಿ ನಿಂತಿದ್ದೆ. ಎಮ್ಮೆ ಮೈ ತೊಳೆಯುತ್ತಿದ್ದ ಕಾಕಾ, "ಏನ್ ನೋಡಾಕತ್ತೀರಿ ಸಾಹೇಬ್ರ?" ಅಂದರು. ಹಿಮಾಲಯದಿಂದ ಬಂದ ಹಕ್ಕಿ ಅಂತ ತೋರಿಸಿದೆ. ಎಮ್ಮೆಯನ್ನು ಬಿಟ್ಟು ಬಂದು, ಹಕ್ಕಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಮಹಾರಾಷ್ಟ್ರ ದಾಟಿ ಬಂದೈತಿ ಅಂದ್ರ... ನಿಪ್ಪಾಣಿಯೊಳಗ ಯಾರೂ ಹಿಡದು, ನೀ ಕನ್ನಡೇನೋ ಮರಾಠೀನೋ ಅಂತ ಕೇಳಲಿಲ್ಲೇನ್ರಿ ಇದನ್ನ?"