ಚತುರಾಯ್ಕೆ ಮೀಮಾಂಸೆ

ಶೀರ್ಷಿಕೆಯಲ್ಲೇ ಅರಿಸಮಾಸವಿದೆ ಎಂದು ಪಂಡಿತರು ಹುಬ್ಬು ಗಂಟಿಕ್ಕುವುದು ಖಚಿತ. ಸಂಸ್ಕೃತದ 'ಚತುರ್'ಗೆ ಕನ್ನಡದ 'ಆಯ್ಕೆ'ಯನ್ನು ಗಂಟು ಹಾಕಿದ್ದು ಗೊತ್ತಿದ್ದೇ ಮಾಡಿದ ತಪ್ಪು. ಅರಿಸಮಾಸ ಎಂದರೇನು ಎಂಬುದು ಎಸ್‌ಡಿಎ ಕನ್ನಡ ಪತ್ರಿಕೆಯಲ್ಲಿ ಬರಬಹುದಾದ ಪ್ರಶ್ನೆಯಾದ್ದರಿಂದ ಓದುಗರಿಗೆ ಆರಂಭದಲ್ಲೇ ಒಂದು ಅಂಕ ಸಿಕ್ಕಂತಾಯಿತು. ಉಳಿದದ್ದನ್ನು ಓದದಿದ್ದರೂ ನಡೆಯುತ್ತದೆ.

'ಸಾಮಾನ್ಯ ಜ್ಞಾನ' ಎಂಬ ಪದವನ್ನು ಪೂರ್ವಸೂರಿಗಳು 'ಸಾಮಾನ್ಯವಾದ ಜ್ಞಾನ' ಎಂದು ಬಿಡಿಸಿ, ಕರ್ಮಧಾರಯ ಎಂದು ಹೇಳಿ ಕೈತೊಳೆದುಕೊಂಡರು. ಇದು ಪೂರ್ವಪಕ್ಷ. ನಮ್ಮ ಮತದಲ್ಲಿ ಅದರ ವಿಗ್ರಹವಾಕ್ಯ 'ಸಾಮಾನ್ಯರಿಗೆ ಬೇಕಿಲ್ಲದ ಜ್ಞಾನ'. ನಡುವಿನ 'ಬೇಕಿಲ್ಲದ' ಎಂಬುದು ಲೋಪವಾಗಿದೆ. ನಿದರ್ಶನಕ್ಕೆ, ಸಿಂದಗಿ ಕಡೆಯ ರೈತರೊಬ್ಬರು ನಲವತ್ತು ವರ್ಷದಿಂದ ಬಿಳಿಜೋಳ ಬೆಳೆಯುತ್ತಿದ್ದಾರೆ. ಅದು ಸೋರ್ಗಮ್ ಬೈಕಲರ್ ಎಂಬುದು ಅವರಿಗೆ ಗೊತ್ತಿಲ್ಲ, ಜೋಳಕ್ಕೂ ಗೊತ್ತಿಲ್ಲ. ಮಗನಿಗೆ ಗೊತ್ತಿದೆ. ಮಗ ಐದು ವರ್ಷದಿಂದ ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದಾನೆ. ಈ ಪ್ರಬಂಧದ ಕ್ಷೇತ್ರಕಾರ್ಯವೆಲ್ಲ ಅವನ ಮೇಲೆಯೇ, ಅವನ ಲೈಬ್ರರಿಯ ಎದುರಿನ ಚಹಾದಂಗಡಿಯಲ್ಲಿ ನಡೆದದ್ದು. ಚಹಾದ ದುಡ್ಡು ಸಂಶೋಧಕನದು.

ಜ್ಞಾನಕ್ಕೆ ದಾರಿಗಳು ನಾಲ್ಕು ಎಂದರು ನೈಯಾಯಿಕರು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಚಾರ್ವಾಕರು ಒಂದೇ ಸಾಕು ಎಂದರು, ಮೀಮಾಂಸಕರಲ್ಲಿ ಒಂದು ಪಂಗಡ ಆರಕ್ಕೆ ಹೋಯಿತು. ನ್ಯಾಯಸೂತ್ರದ ಗೌತಮ ಮಾತ್ರ ನಾಲ್ಕಕ್ಕೇ ಪಟ್ಟು ಹಿಡಿದದ್ದೇಕೆ? ಓಎಂಆರ್ ಹಾಳೆಯಲ್ಲಿ ಪ್ರಶ್ನೆಗೆ ನಾಲ್ಕೇ ವೃತ್ತಗಳಿರುತ್ತವೆ ಎಂಬುದು ಆತನಿಗೆ ಹೊಳೆದಿರಬೇಕು ಎಂಬುದರಲ್ಲಿ ನಮಗೆ ಸಂದೇಹವಿಲ್ಲ.

ಈ ನಾಲ್ಕರಲ್ಲಿ ಪ್ರತ್ಯಕ್ಷಕ್ಕೆ ಸ್ಪರ್ಧಾಲೋಕದಲ್ಲಿ ಕವಡೆಯ ಬೆಲೆಯೂ ಇಲ್ಲ. "ತಮ್ಮಾ, ಜೋಗ ನೋಡೀ ಏನು?" ಎಂದು ಕೇಳಿದೆ. "ಇಲ್ರಿ ಸರ್. 253 ಮೀಟರ್" ಎಂದ. ಶರಾವತಿಯೂ ಈ ಶಾಸ್ತ್ರ ಬಲ್ಲವಳೇ: ರಾಜ, ರಾಣಿ, ರೋರರ್, ರಾಕೆಟ್ ಎಂದು ಸರಿಯಾಗಿ ನಾಲ್ಕು ಕವಲಾಗಿ ಬೀಳುತ್ತಾಳೆ. ಐದನೆಯದಿದ್ದಿದ್ದರೆ ಪ್ರಶ್ನೆ ಮಾಡುವವರಿಗೆ ಎಷ್ಟು ಪಡಿಪಾಟಲಾಗುತ್ತಿತ್ತು!

ಅನುಮಾನ ಪ್ರಮಾಣ ಇಲ್ಲಿ ಬಹಳ ಬೆಳೆದಿದೆ. ಹೊಗೆ ಇದ್ದಲ್ಲಿ ಬೆಂಕಿ ಎಂಬುದು ಹಳೆಯ ವ್ಯಾಪ್ತಿ. ಹೇಳಿಕೆಯಲ್ಲಿ 'ಮಾತ್ರ' ಅಥವಾ 'ಯಾವಾಗಲೂ' ಇದ್ದಲ್ಲಿ ತಪ್ಪು ಎಂಬುದು ಹೊಸದು. ಸತತ ಮೂರು 'ಸಿ' ಬಂದರೆ ನಾಲ್ಕನೆಯದು 'ಬಿ' ಎಂಬ ವ್ಯಾಪ್ತಿಯನ್ನು ನಮ್ಮ ಯುವಕ ಎರಡು ಪಿಡಿಒ ಪರೀಕ್ಷೆಗಳಲ್ಲಿ ಪ್ರಯೋಗಿಸಿ ನೋಡಿದ್ದಾನೆ. ಫಲಿತಾಂಶ ನಮಗೆ ಗೊತ್ತು, ಅವನ ಮನೆಯವರಿಗೆ ಬೇಡ.

ಉಪಮಾನದ ಭಂಡಾರವೋ ಭಾರಿ ದೊಡ್ಡದು. ಕೊಡಗು ಭಾರತದ ಸ್ಕಾಟ್ಲೆಂಡ್. ಆಗುಂಬೆ ದಕ್ಷಿಣದ ಚಿರಾಪುಂಜಿ. ಹರ್ಡೇಕರ್ ಮಂಜಪ್ಪ ಕರ್ನಾಟಕದ ಗಾಂಧಿ. ಶಿಶುನಾಳ ಷರೀಫರು ಕರ್ನಾಟಕದ ಕಬೀರ. ಇಬ್ರಾಹಿಂ ಸುತಾರರು ಕನ್ನಡದ ಕಬೀರ. ಒಂದು ಪದ ಆಚೀಚೆಯಾದರೆ ಒಂದು ಶತಮಾನವೇ ಆಚೀಚೆ. ದಕ್ಷಿಣ ಕಾಶಿ ಯಾವುದು ಎಂದರೆ ನಂಜನಗೂಡಿನವರು ಎದ್ದು ನಿಲ್ಲುತ್ತಾರೆ, ಗೋಕರ್ಣದವರು ಕೂರುವುದಿಲ್ಲ, ಕೋಲಾರದ ಅಂತರಗಂಗೆಯವರು ಬೆಟ್ಟದ ಮೇಲಿಂದಲೇ ಕೂಗುತ್ತಾರೆ. ಇಷ್ಟಾಗಿಯೂ ಬನಾರಸಿನಲ್ಲಿ ಯಾರೂ ತಮ್ಮೂರನ್ನು ಉತ್ತರದ ನಂಜನಗೂಡು ಎಂದು ಕರೆದುಕೊಂಡದ್ದು ನಮ್ಮ ಗಮನಕ್ಕೆ ಬಂದಿಲ್ಲ. ಉಪಮೇಯಕ್ಕೆ ಉಪಮಾನದ ಮೇಲಿರುವ ಈ ಏಕಮುಖ ಪ್ರೇಮಕ್ಕೆ ಅಲಂಕಾರಶಾಸ್ತ್ರದಲ್ಲಿ ಬೇರೆ ಹೆಸರಿಡಬೇಕು.

ಶಬ್ದ ಪ್ರಮಾಣವೇ ಸರ್ವೋಚ್ಚ. ಅದೇ ಕೀ ಉತ್ತರ. ವೇದದಂತೆ ಇದೂ ಅಪೌರುಷೇಯ: ಯಾರು ರಚಿಸಿದರೆಂದು ಯಾರಿಗೂ ತಿಳಿಯದು. ತಾತ್ಕಾಲಿಕ ಕೀ ಶ್ರುತಿ, ಅಂತಿಮ ಕೀ ಸ್ಮೃತಿ. ಶ್ರುತಿ–ಸ್ಮೃತಿಗಳಿಗೆ ವಿರೋಧ ಬಂದಾಗ ಶ್ರುತಿಯೇ ಬಲ ಎನ್ನುತ್ತಾರೆ ವೈದಿಕರು, ಇಲ್ಲಿ ತದ್ವಿರುದ್ಧ. ಎರಡರ ನಡುವೆ ಬರುವುದು ಆಕ್ಷೇಪಣೆ, ಅಂದರೆ ಭಾಷ್ಯಕಾರರ ಯುಗ.

ಇನ್ನು ಸತ್ಯದ ಆಯುಷ್ಯದ ವಿಚಾರ. ಇದೇ ಈ ಶಾಸ್ತ್ರದ ಮರ್ಮ. ಲೋಕದಲ್ಲಿ ಸತ್ಯ ತ್ರಿಕಾಲಾಬಾಧಿತ. ಗೈಡಿನಲ್ಲಿ ಅದಕ್ಕೆ ಆವೃತ್ತಿಯಿದೆ. ನಮ್ಮ ಯುವಕನ ಅಣ್ಣ ಕರ್ನಾಟಕದಲ್ಲಿ 30 ಜಿಲ್ಲೆಗಳಿವೆ ಎಂದು ಬರೆದು ಪಾಸಾದ. 2021ರಲ್ಲಿ ವಿಜಯನಗರ ಜಿಲ್ಲೆಯಾಯಿತು, ತಮ್ಮನ ಪಾಲಿಗೆ ಅದೇ ಉತ್ತರ ತಪ್ಪಾಯಿತು. 1956ರಲ್ಲಿ 19 ಇದ್ದವು, 1986ರಲ್ಲಿ 20, 1997ರಲ್ಲಿ ಒಂದೇ ಏಟಿಗೆ 27. ಒಂದೇ ಮನೆಯ ಮೂರು ತಲೆಮಾರು ಪರೀಕ್ಷೆ ಬರೆದಿದ್ದರೆ ರಾತ್ರಿ ಊಟಕ್ಕೆ ಕೂತಾಗ ಜಿಲ್ಲೆಗಳ ಲೆಕ್ಕ ಹತ್ತುವುದಿಲ್ಲ. 2025ರಲ್ಲಿ ರಾಮನಗರ ಇದ್ದಲ್ಲೇ ಇದ್ದು ಬೆಂಗಳೂರು ದಕ್ಷಿಣವಾಯಿತು. ಎಣಿಕೆ ಹಾಗೇ ಉಳಿಯಿತು, ನಕಾಶೆ ಮಾತ್ರ ಹೊಸದಾಗಿ ಕೊಳ್ಳಬೇಕಾಯಿತು.

ಎವರೆಸ್ಟ್ 2020ರ ಡಿಸೆಂಬರಿನಲ್ಲಿ 8,848 ಮೀಟರಿನಿಂದ 8,848.86ಕ್ಕೆ ಏರಿತು. ಆ 86 ಸೆಂಟಿಮೀಟರನ್ನು ಹತ್ತಿದವರಿಗಿಂತ ಬಾಯಿಪಾಠ ಮಾಡಿದವರೇ ಹೆಚ್ಚು. ಅದಕ್ಕೂ ಸೋಜಿಗ ಕರಾವಳಿಯದು. ಭಾರತದ ಕರಾವಳಿ 7,516.6 ಕಿಲೋಮೀಟರ್ ಎಂದು ನಾವೆಲ್ಲ ದಶಾಂಶದ ಸಮೇತ ನುಂಗಿದ್ದೆವು. ಕೇಂದ್ರ ಗೃಹ ಸಚಿವಾಲಯದ 2023–24ರ ವಾರ್ಷಿಕ ವರದಿಯಲ್ಲಿ ಅದು 11,098.81 ಆಯಿತು. ಸಮುದ್ರ ಹಿಂದೆ ಸರಿದದ್ದಲ್ಲ, ನೆಲ ಉಬ್ಬಿದ್ದೂ ಅಲ್ಲ. ಹಳೆಯ ಅಳತೆ ದಪ್ಪ ಪ್ರಮಾಣದ ನಕ್ಷೆಯದು, ಹೊಸದು ಸೂಕ್ಷ್ಮ ಪ್ರಮಾಣದ್ದು. ಹತ್ತಿರದಿಂದ ನೋಡಿದಷ್ಟೂ ಕೊಲ್ಲಿ, ಅಳಿವೆ, ಕೊರಕಲುಗಳೆಲ್ಲ ಲೆಕ್ಕಕ್ಕೆ ಬಂದು ಉದ್ದ ಹೆಚ್ಚುತ್ತದೆ. ಗಣಿತಜ್ಞರು ಇದನ್ನು ವಿರೋಧಾಭಾಸ ಎನ್ನುತ್ತಾರೆ, ಸಪ್ತಾಪುರದಲ್ಲಿ ಇದನ್ನು ಅನ್ಯಾಯ ಎನ್ನುತ್ತಾರೆ. ಮತ್ತೆ ಅಳೆಯಲು ಹೋಗಬೇಡಿ ಎಂದು ಸಂಬಂಧಪಟ್ಟವರಲ್ಲಿ ನಮ್ಮದೂ ಒಂದು ಮನವಿ.

ಸತ್ತ ಸತ್ಯಗಳು ಪ್ರೇತವಾಗಿ ಅಲೆಯುವುದೂ ಉಂಟು. ಹಾಕಿ ನಮ್ಮ ರಾಷ್ಟ್ರೀಯ ಕ್ರೀಡೆ ಎಂಬುದು ಅಂಥದೊಂದು. ಯಾವ ಆಟವನ್ನೂ ಹಾಗೆ ಘೋಷಿಸಿಲ್ಲ ಎಂದು 2012ರಲ್ಲೇ ಮಾಹಿತಿ ಹಕ್ಕಿನಡಿ ಕ್ರೀಡಾ ಸಚಿವಾಲಯ ಉತ್ತರ ಕೊಟ್ಟಿದೆ. ಗೈಡುಗಳು ಮಾಹಿತಿ ಹಕ್ಕಿನ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ ಅಲ್ಲಿ ಆಟ ಮುಂದುವರಿದಿದೆ. ಕವಿರಾಜಮಾರ್ಗ ಬರೆದವರು ನೃಪತುಂಗನೋ ಶ್ರೀವಿಜಯನೋ ಎಂಬ ಬಗ್ಗೆ ವಿದ್ವಾಂಸರು ಗ್ರಂಥಗಟ್ಟಲೆ ವಾದಿಸಿದ್ದಾರೆ. ನಮ್ಮ ಯುವಕನ ನಿಲುವು ಸರಳ: ಆಯ್ಕೆಗಳಲ್ಲಿ ಯಾರ ಹೆಸರಿದೆಯೋ ಅವರೇ ಬರೆದದ್ದು. ಇಬ್ಬರ ಹೆಸರೂ ಇದ್ದರೆ? "ಆಕ್ಷೇಪಣೆ ಹಾಕೂದ್ರಿ."

ಆಯ್ಕೆಗಳಲ್ಲೇ ದರ್ಶನಗಳು ಅಡಗಿರುವುದನ್ನೂ ಗಮನಿಸಬೇಕು. 'ಮೇಲಿನ ಎಲ್ಲವೂ' ಶುದ್ಧ ಅದ್ವೈತ. ಎ, ಬಿ, ಸಿ ಎಂಬ ಭೇದವೇ ಮಿಥ್ಯೆ. 'ಮೇಲಿನ ಯಾವುದೂ ಅಲ್ಲ' ನಾಗಾರ್ಜುನನ ಶೂನ್ಯ. 'ಹೇಳಿಕೆ ಸರಿ, ಸಮರ್ಥನೆಯೂ ಸರಿ, ಆದರೆ ಸಮರ್ಥನೆಯು ಹೇಳಿಕೆಗೆ ಸರಿಯಾದ ವಿವರಣೆಯಲ್ಲ' ಎಂಬುದು ಮಾಧ್ವಮತ. ಎರಡೂ ಸತ್ಯ, ಎರಡೂ ಎಂದೆಂದಿಗೂ ಬೇರೆ ಬೇರೆ. ತಪ್ಪಿಗೆ ಕಾಲು ಅಂಕ ಕಳೆಯುವುದು ಕರ್ಮಸಿದ್ಧಾಂತ: ನಾಲ್ಕು ಪಾಪಕ್ಕೆ ಒಂದು ಪುಣ್ಯ ಕ್ಷಯ. ವೃತ್ತ ತುಂಬದೆ ಬಿಡುವುದೇ ನಿಷ್ಕಾಮ ಕರ್ಮ. ಗೀತೆ ಓದಿದವರಿಗೂ ಇದು ಕಷ್ಟ. ಬಾಬರನಿಂದ ಔರಂಗಜೇಬನವರೆಗಿನ ಆರು ಮಂದಿಯನ್ನು 'ಬಾಹುಅಜಷಔ' ಎಂದು ಕುಟ್ಟಿ ಪುಡಿಮಾಡಿ ನೆನಪಿಡುವುದರ ಮುಂದೆ ಪಾಣಿನಿಯ ಪ್ರತ್ಯಾಹಾರ ಸಪ್ಪೆ.

ಸಿದ್ಧಾಂತವನ್ನು ಪರೀಕ್ಷೆಗೆ ಒಡ್ಡುವ ಅವಕಾಶ ಕಳೆದ ಮಳೆಗಾಲದಲ್ಲಿ ತಾನಾಗಿ ಒದಗಿತು. ಅವನಿಗೆ ಶಿವಮೊಗ್ಗದಲ್ಲಿ ಸೆಂಟರ್ ಬಿದ್ದಿತ್ತು. ಪ್ರತ್ಯಕ್ಷ ಪ್ರಮಾಣಕ್ಕೂ ಒಂದು ಅವಕಾಶ ಕೊಡೋಣವೆಂದು, ಪರೀಕ್ಷೆ ಮುಗಿಸಿ ಹಾಗೇ ಜೋಗ ನೋಡಿಕೊಂಡು ಬಾ ಎಂದು ಬಸ್ಸಿನ ದುಡ್ಡು ಕೊಟ್ಟು ಕಳಿಸಿದೆ. ಸೋಮವಾರ ಬೆಳಗ್ಗೆ ನೋಡಿದರೆ ಚಹಾದಂಗಡಿಯಲ್ಲೇ ಇದ್ದ.

"ಜೋಗ?" ಎಂದೆ.

"ಜೋಗ ಬಂದಿರಲಿಲ್ರಿ ಸರ್, ಕುಂಚಿಕಲ್ ಬಂದಿತ್ತು. ಈಗ ಅದ ಎತ್ತರದ್ದು. ವಾರಾಹಿ ನದಿ, 455 ಮೀಟರ್. ಬರೆದೀನಿ."

"ಅದನ್ನಾರ ನೋಡಿದ್ಯೋ ಇಲ್ಲೋ?"

"ನೋಡೀನ್ರಿ," ಎಂದು ಲೋಟ ಕೆಳಗಿಟ್ಟ. "ಆಪ್ಷನ್ ಸಿ."