ವಿಮಾನಪುರದಲ್ಲಿ ವಿಮಾನದ ಪಾಠ

(ಮಹಡಿ ಮೇಲಿನ ಸ್ಪೋಕನ್ ಇಂಗ್ಲಿಷ್ ತರಗತಿ. ಇವತ್ತಿನ ಪಾಠ: ಪ್ರವಾಸ ಮತ್ತು ರಜೆ.)

ಮೇಡಂ: ನಾನು ಚೆಕ್-ಇನ್ ಕೌಂಟರ್, ನೀವು ಪ್ಯಾಸೆಂಜರ್. ಹೇಳಿ ಅಂಕಲ್, 'ವಿಂಡೋ ಸೀಟ್ ಪ್ಲೀಸ್.'

ಅಂಕಲ್: ಎಚ್‌ಎಎಲ್‌ನಲ್ಲಿ ನಾವು ಜೋಡಿಸಿದ ತೇಜಸ್‌ನಲ್ಲಿ ಇದ್ದದ್ದೇ ಒಂದು ಸೀಟು ಮೇಡಂ. ಕೇಳೋ ಪ್ರಮೇಯವೇ ಇರ್ಲಿಲ್ಲ.

ಮೇಡಂ: ಸರಿ, ಏರ್‌ಪೋರ್ಟಿಗೆ ದಾರಿ ಕೇಳಿ.

ಅಂಕಲ್: ಮೊದಲು ಇಲ್ಲೇ ಇತ್ತಲ್ಲ! 2008ರ ಮೇ ತಿಂಗಳಲ್ಲಿ ದೇವನಹಳ್ಳಿಗೆ ಹೋಯ್ತು. ನಮ್ಮ ಏರ್‌ಪೋರ್ಟ್ ರಸ್ತೆಗೆ 'ಹಳೇ' ಅನ್ನೋ ಬಿರುದು ಕೊಟ್ಟು ಹೋಯ್ತು.

ಮೇಡಂ: 'ಮೈ ಫ್ಲೈಟ್ ಈಸ್ ಡಿಲೇಡ್.'

ಅಂಕಲ್: ಫ್ಲೈಟು ಟೈಮಿಗೇ ಹೊರಡುತ್ತೆ. ಟಿನ್ ಫ್ಯಾಕ್ಟರಿ ಹತ್ತಿರ ಡಿಲೇ ಆಗೋನು ನಾನು.

ಮೇಡಂ: ಕಸ್ಟಮ್ಸ್‌ನಲ್ಲಿ, 'ನಥಿಂಗ್ ಟು ಡಿಕ್ಲೇರ್.'

ಅಂಕಲ್: ಅಯ್ಯೋ, ಚಟ್ನಿಪುಡಿ, ಉಪ್ಪಿನಕಾಯಿ, ಬಾಣಂತಿ ಲೇಹ್ಯ... ಸುಳ್ಳು ಹೇಳಲೇ?

ಮೇಡಂ: ಅಮೆರಿಕಕ್ಕೆ ಯಾಕೆ ಬಂದಿರಿ ಅಂದ್ರೆ 'ಹಾಲಿಡೇ' ಅನ್ನಿ.

ಅಂಕಲ್: ಆರು ತಿಂಗಳು ಅಡುಗೆ, ಮಗು ಸ್ನಾನ, ಡಯಾಪರ್. ಹಾಲಿಡೇ ಮಗ-ಸೊಸೆಗೆ ಮೇಡಂ.

ಮೇಡಂ: ಹಾಗಂದ್ರೆ ಮೊದಲ ವಿಮಾನದಲ್ಲೇ ವಾಪಸ್ ಕಳಿಸ್ತಾರೆ!

ಅಂಕಲ್: ಹೌದಾ? ಹಾಗಾದ್ರೆ ನನ್ನ ಹೆಂಡತಿನೂ ಕ್ಲಾಸಿಗೆ ಸೇರಿಸ್ಕೊಳ್ಳಿ. ಆ ಉತ್ತರಾನ ಅವಳೇ ಕಲೀಲಿ.